ತೊಳೆದ ತೊಟ್ಟಿಯಲ್ಲಿ ಮೀನು ಸಾಯುವುದೇಕೆ?

ಮನೆಯಲ್ಲಿ ಅಕ್ವೇರಿಯಂ ಇಟ್ಟವರಲ್ಲಿ ಬಹುಪಾಲು ಜನ ಈ ವಿಚಿತ್ರವನ್ನು ಕಂಡಿರುತ್ತಾರೆ. ತಿಂಗಳುಗಟ್ಟಲೆ ಯಾರೂ ಕೈ ಹಾಕದ ತೊಟ್ಟಿ. ಗಾಜಿಗೆ ಪಾಚಿ ಹಿಡಿದಿದೆ, ನೀರು ಹಳದಿಗಟ್ಟಿದೆ, ಆದರೂ ಗಪ್ಪಿ, ಮೋಲಿಗಳು ಆರಾಮಾಗಿ ಓಡಾಡಿಕೊಂಡಿವೆ. ಹಬ್ಬ ಬಂತು, ನೆಂಟರು ಬರುತ್ತಾರೆ ಎಂದು ಒಂದು ಭಾನುವಾರ ಮೀನುಗಳನ್ನೆಲ್ಲ ಬಕೆಟ್ಟಿಗೆ ಹಾಕಿ, ಗಾಜು ಉಜ್ಜಿ, ತಳದ ಕಲ್ಲುಗಳನ್ನು ತಿಕ್ಕಿ ತೊಳೆದು, ಫಿಲ್ಟರಿನ ಸ್ಪಂಜನ್ನು ನಲ್ಲಿಯ ಕೆಳಗೆ ಹಿಂಡಿ, ಹೊಸ ನೀರು ತುಂಬುತ್ತಾರೆ. ತೊಟ್ಟಿ ಫಳಫಳ ಹೊಳೆಯುತ್ತದೆ. ಎರಡು ಮೂರು ದಿನ ಕಳೆಯುವಷ್ಟರಲ್ಲಿ ಮೀನುಗಳು ಮೇಲಕ್ಕೆ ಬಂದು ಬಾಯಿ ಬಾಯಿ ಬಿಡತೊಡಗುತ್ತವೆ, ಒಂದೊಂದಾಗಿ ಸಾಯುತ್ತವೆ. ಹೊಸ ತೊಟ್ಟಿಯ ಕಥೆಯೂ ಹೆಚ್ಚುಕಡಿಮೆ ಇದೇ. ಮೊದಲ ವಾರ ಎಲ್ಲ ಚೆನ್ನ, ಎರಡನೆಯ ವಾರದಿಂದ ಸಾವು ಶುರು. ಮೀನಿಗೆ ಮೊದಲೇ ರೋಗವಿತ್ತು ಎಂದು ಒಬ್ಬರು, ನಲ್ಲಿ ನೀರೇ ಸರಿಯಿಲ್ಲ ಎಂದು ಇನ್ನೊಬ್ಬರು. ಮನೆಗೆ ಬರಬೇಕಿದ್ದ ಕೇಡನ್ನು ಮೀನು ತಾನು ಹೊತ್ತುಕೊಂಡು ಹೋಯಿತು ಎಂಬ ವಾಸ್ತು ಸಮಾಧಾನವೂ ಉಂಟು. ಆ ಕೇಡು ನಿಜವಾಗಿ ಬಂದದ್ದು ತೊಳೆಯುವ ಬ್ರಷ್ಷಿನಿಂದ ಎಂಬುದು ಈ ಅಧ್ಯಾಯದ ವಾದ. ಕಣ್ಣಿಗೆ ಕಾಣುವ ಕೊಳೆಗೂ ಮೀನನ್ನು ಕೊಲ್ಲುವ ವಿಷಕ್ಕೂ ಸಂಬಂಧ ಬಹಳ ಕಡಿಮೆ; ಕೊಳೆಯೆಂದು ನಾವು ಚರಂಡಿಗೆ ಚೆಲ್ಲಿದ್ದರಲ್ಲಿ ಆ ವಿಷವನ್ನು ದಿನವೂ ತಿಂದು ಕರಗಿಸುತ್ತಿದ್ದ ಜೀವಿಗಳೂ ಇದ್ದವು.

ಉಸಿರಿನ ಜೊತೆಗೆ ಬರುವ ವಿಷ

ಪ್ರೋಟೀನ್ ತಿನ್ನುವ ಪ್ರಾಣಿಗಳಿಗೆಲ್ಲ ಅದರಲ್ಲಿರುವ ಸಾರಜನಕ ಒಂದು ತಲೆನೋವು. ಶಕ್ತಿಗಾಗಿ ಪ್ರೋಟೀನನ್ನು ಒಡೆದಾಗ ಸಾರಜನಕವು ಅಮೋನಿಯಾ ಆಗಿ ಉಳಿಯುತ್ತದೆ, ಅಮೋನಿಯಾ ಜೀವಕೋಶಗಳಿಗೆ ವಿಷ. ನಮ್ಮ ಯಕೃತ್ತು ಅದನ್ನು ಯೂರಿಯಾ ಆಗಿ ಬದಲಿಸಿ ಮೂತ್ರಕ್ಕೆ ಕಳಿಸುತ್ತದೆ. ಹಕ್ಕಿ, ಹಲ್ಲಿಗಳು ಯೂರಿಕ್ ಆಮ್ಲ ಮಾಡಿ ಬಿಳಿ ಹಿಕ್ಕೆಯಾಗಿ ಹೊರಹಾಕುತ್ತವೆ. ಎರಡಕ್ಕೂ ಶಕ್ತಿ ಖರ್ಚಾಗುತ್ತದೆ. ಸಿಹಿನೀರಿನ ಬಹುತೇಕ ಮೀನುಗಳು ಈ ಖರ್ಚಿನ ಗೋಜಿಗೇ ಹೋಗುವುದಿಲ್ಲ. ರಕ್ತದಲ್ಲಿ ಸೇರಿದ ಅಮೋನಿಯಾ ಕಿವಿರುಗಳ ತೆಳು ಪೊರೆಯ ಮೂಲಕ ತಾನಾಗಿ ನೀರಿಗೆ ಸೋರಿಹೋಗುತ್ತದೆ. ಹರಿಯುವ ಹೊಳೆಯಲ್ಲಿ ಇದಕ್ಕಿಂತ ಅಗ್ಗದ ಏರ್ಪಾಡು ಇನ್ನೊಂದಿಲ್ಲ. ಗಾಜಿನ ನಾಲ್ಕು ಗೋಡೆಗಳ ನಡುವೆ ಅದೇ ಏರ್ಪಾಡು ಕುತ್ತಾಗುತ್ತದೆ. ಹೊರಗಿನ ನೀರಿನಲ್ಲಿ ಅಮೋನಿಯಾ ಹೆಚ್ಚಿದಂತೆ ಒಳಗಿನದು ಹೊರಬರಲು ತಡವರಿಸುತ್ತದೆ, ಮೀನಿನ ರಕ್ತದಲ್ಲೇ ಉಳಿಯುತ್ತದೆ. ಕಿವಿರು ಊದಿಕೊಂಡು ಉಸಿರಾಟವೂ ಕೆಡುತ್ತದೆ.

ಎಷ್ಟು ಅಮೋನಿಯಾ ಎಂದು ಲೆಕ್ಕ ಹಾಕುವುದು ಕಷ್ಟವಲ್ಲ. ಮೀನಿನ ಆಹಾರದಲ್ಲಿ ಶೇ. 40ರಷ್ಟು ಪ್ರೋಟೀನ್ ಇದೆ ಎಂದುಕೊಳ್ಳೋಣ. ಪ್ರೋಟೀನಿನ ತೂಕದಲ್ಲಿ ಸುಮಾರು ಶೇ. 16 ಸಾರಜನಕ. ಅಂದರೆ ಒಂದು ಗ್ರಾಂ ಆಹಾರದಲ್ಲಿ 64 ಮಿಲಿಗ್ರಾಂ ಸಾರಜನಕ. ಅದರಲ್ಲಿ ಸುಮಾರು ಅರ್ಧ ಅಮೋನಿಯಾ ರೂಪದಲ್ಲಿ ನೀರಿಗೆ ಬರುತ್ತದೆ ಎಂದರೂ 30 ಮಿಲಿಗ್ರಾಂ. 30 ಲೀಟರಿನ ತೊಟ್ಟಿಯಲ್ಲಿ ಲೀಟರಿಗೆ 1 ಮಿಲಿಗ್ರಾಂ ಆಯಿತು. ಮೇಜಿನ ಮೇಲೆ ಅಂದಕ್ಕಿಡುವ 3 ಲೀಟರಿನ ಗಾಜಿನ ಬೌಲ್‌ನಲ್ಲಿ ಅದೇ ಮಟ್ಟ ಮುಟ್ಟಲು ಗ್ರಾಮಿನ ಹತ್ತನೆಯ ಒಂದು ಭಾಗ, ಅಂದರೆ ಒಂದು ಚಿಟಿಕೆ ಸಾಕು. ಈ ಪ್ರಮಾಣದ ಅಮೋನಿಯಾಕ್ಕೆ ಬಣ್ಣವಿಲ್ಲ, ನಮ್ಮ ಮೂಗಿಗೆ ಹತ್ತುವ ವಾಸನೆಯೂ ಇಲ್ಲ. ಸಣ್ಣ ಬೌಲ್ ನೋಡಿಕೊಳ್ಳುವುದು ಸುಲಭ, ದೊಡ್ಡ ತೊಟ್ಟಿ ಕಷ್ಟ ಎಂಬ ತಿಳಿವಳಿಕೆ ತಲೆಕೆಳಗಾದದ್ದು. ನೀರು ಕಡಿಮೆಯಿದ್ದಷ್ಟೂ ತಪ್ಪಿಗೆ ಸಿಗುವ ಸಮಯ ಕಡಿಮೆ.

ಇಲ್ಲೊಂದು ತೊಡಕಿದೆ, ಮುಂದಿನ ಕಥೆಗೆಲ್ಲ ಅದು ಬೇಕು. ನೀರಿನಲ್ಲಿ ಕರಗಿದ ಅಮೋನಿಯಾ ಎರಡು ವೇಷದಲ್ಲಿ ಇರುತ್ತದೆ. ಒಂದು ವಿದ್ಯುದಂಶವಿಲ್ಲದ ಬರಿಯ ಅಮೋನಿಯಾ. ಕಿವಿರಿನ ಪೊರೆಯನ್ನು ಸಲೀಸಾಗಿ ದಾಟುತ್ತದೆ, ವಿಷವೆಲ್ಲ ಹೆಚ್ಚುಕಡಿಮೆ ಇದರದ್ದೇ. ಇನ್ನೊಂದು ಅಮೋನಿಯಂ, ವಿದ್ಯುದಂಶ ಹೊತ್ತಿರುವುದರಿಂದ ಅದು ಪೊರೆ ದಾಟಲಾರದು, ಅಪಾಯ ಬಹಳ ಕಡಿಮೆ. ಯಾವುದು ಎಷ್ಟು ಎಂಬುದನ್ನು ನೀರಿನ ಹುಳಿ-ಕ್ಷಾರದ ಅಳತೆಯಾದ ಪಿಎಚ್ ನಿರ್ಧರಿಸುತ್ತದೆ. 25 ಡಿಗ್ರಿ ಬಿಸಿಯ ನೀರಿನಲ್ಲಿ ಪಿಎಚ್ 7 ಇದ್ದಾಗ ವಿಷದ ಭಾಗ ಶೇ. 1ಕ್ಕೂ ಕಡಿಮೆ. ಪಿಎಚ್ 8ಕ್ಕೆ ಏರಿದರೆ ಶೇ. 5ರ ಆಸುಪಾಸು. 9ಕ್ಕೆ ಏರಿದರೆ ಮೂರನೆಯ ಒಂದು ಭಾಗಕ್ಕೂ ಹೆಚ್ಚು. ನೀರಿಗೆ ಹೊಸದಾಗಿ ಏನೂ ಸೇರದಿದ್ದರೂ, ಪಿಎಚ್ ಏರಿತೆಂಬ ಒಂದೇ ಕಾರಣಕ್ಕೆ ನಿನ್ನೆ ನಿರುಪದ್ರವಿಯಾಗಿದ್ದ ತೊಟ್ಟಿ ಇಂದು ವಿಷವಾಗಬಹುದು.

ಅಪ್ಪನ ತೊಟ್ಟಿ, ಮಗನ ಮಣ್ಣು

ಇಷ್ಟೊಂದು ಅಮೋನಿಯಾ ಸೇರುತ್ತಿದ್ದರೂ ಹಳೆಯ ತೊಟ್ಟಿಯ ಮೀನುಗಳು ಬದುಕಿದ್ದು ಹೇಗೆ? ಇದಕ್ಕೆ ಉತ್ತರ ಹುಡುಕುವ ಕೆಲಸ ಇಂಗ್ಲೆಂಡಿನ ಒಂದೇ ಮನೆಯ ಎರಡು ತಲೆಮಾರುಗಳಲ್ಲಿ ನಡೆಯಿತು ಎಂಬುದು ವಿಜ್ಞಾನದ ಇತಿಹಾಸದ ಒಂದು ಸೊಗಸು. ಲಂಡನ್ನಿನ ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್ಟನ್ ಎರಡು ಚಿಕ್ಕ ಗೋಲ್ಡ್ ಫಿಶ್, ವ್ಯಾಲಿಸ್ನೇರಿಯಾ ಎಂಬ ನೀರುಗಿಡ ಮತ್ತು ಕೆಲವು ಬಸವನಹುಳುಗಳನ್ನು ಒಂದು ಗಾಜಿನ ಪಾತ್ರೆಯಲ್ಲಿಟ್ಟು, ನೀರು ಬದಲಿಸದೆಯೂ ಅವು ಬಾಳಬಲ್ಲವೆಂದು 1850ರಲ್ಲಿ ವರದಿ ಮಾಡಿದ. ಗಿಡ ಆಮ್ಲಜನಕ ಕೊಡುತ್ತದೆ, ಬಸವನಹುಳು ಕೊಳೆತ ಎಲೆಗಳನ್ನು ತಿಂದು ಚೊಕ್ಕ ಮಾಡುತ್ತದೆ, ಹೀಗೆ ಮೂರೂ ಪರಸ್ಪರ ಸಮತೋಲದಲ್ಲಿ ಬದುಕುತ್ತವೆ ಎಂಬುದು ಅವನ ವಿವರಣೆ. ಇಂದಿನ ಅಕ್ವೇರಿಯಂ ಹವ್ಯಾಸ ಹುಟ್ಟಿದ್ದು ಹೆಚ್ಚುಕಡಿಮೆ ಅಲ್ಲಿಂದ. 1853ರಲ್ಲಿ ಲಂಡನ್ನಿನ ಮೃಗಾಲಯದಲ್ಲಿ ಸಾರ್ವಜನಿಕ ಮತ್ಸ್ಯಾಲಯವೇ ತೆರೆಯಿತು. ವಾರಿಂಗ್ಟನ್ ಹೇಳಿದ್ದು ತಪ್ಪಲ್ಲ, ಆದರೆ ಅವನ ಪಾತ್ರೆಯಲ್ಲಿ ನಾಲ್ಕನೆಯ ಪಾಲುದಾರರೂ ಇದ್ದರು. ಅವರು ಅವನ ಕಣ್ಣಿಗೆ ಬೀಳಲಿಲ್ಲ.

ಅವರ ಸುಳಿವು ಸಿಕ್ಕಿದ್ದು ಪ್ಯಾರಿಸ್ಸಿನ ಕೊಳಚೆ ನೀರಿನಲ್ಲಿ. 1877ರಲ್ಲಿ ಷ್ಲೋಸಿಂಗ್ ಮತ್ತು ಮುಂಟ್ಸ್ ಎಂಬ ಇಬ್ಬರು ವಿಜ್ಞಾನಿಗಳು ಮರಳು ಮತ್ತು ಸುಣ್ಣದಕಲ್ಲಿನ ಪುಡಿ ತುಂಬಿದ ಉದ್ದನೆಯ ಕೊಳವೆಯ ಮೂಲಕ ಕೊಳಚೆ ನೀರನ್ನು ನಿಧಾನವಾಗಿ ಇಳಿಸಿದರು. ಮೊದಲ ಇಪ್ಪತ್ತು ದಿನ ಮೇಲೆ ಹಾಕಿದ ಅಮೋನಿಯಾ ಕೆಳಗೆ ಹಾಗೇ ಬಂತು. ಆಮೇಲೆ ಅದು ಮಾಯವಾಗುತ್ತ ಬಂದು, ಅದರ ಜಾಗದಲ್ಲಿ ನೈಟ್ರೇಟ್ ಕಾಣಿಸಿಕೊಂಡಿತು. ಇದು ಬರಿಯ ರಾಸಾಯನಿಕ ಕ್ರಿಯೆಯಾಗಿದ್ದರೆ ಇಪ್ಪತ್ತು ದಿನ ಕಾಯಬೇಕಿರಲಿಲ್ಲ. ಕೊಳವೆಗೆ ಕ್ಲೋರೋಫಾರಂ ಆವಿ ಹಾಯಿಸಿದರು, ಕೆಲಸ ನಿಂತುಹೋಯಿತು. ಕ್ಲೋರೋಫಾರಂ ಹೋಗಿಸಿ ಸ್ವಲ್ಪ ಮಣ್ಣು ಕಲಸಿದ ನೀರು ಹಾಕಿದರು, ಮತ್ತೆ ಶುರುವಾಯಿತು. ಮರಳಿನ ಕಣಗಳ ಮೇಲೆ ಜೀವಂತವಾದದ್ದೇನೋ ಕೂತಿತ್ತು. ಈ ಎಳೆಯನ್ನು ಹಿಡಿದು ರಾಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದಲ್ಲಿ ವರ್ಷಗಟ್ಟಲೆ ದುಡಿದವನು ವಾರಿಂಗ್ಟನ್ನನ ಮಗ. ಅವನ ಹೆಸರೂ ರಾಬರ್ಟ್ ವಾರಿಂಗ್ಟನ್ನೇ. ಹೊಲದ ಮಣ್ಣನ್ನು ಪರೀಕ್ಷಿಸುತ್ತ, ಈ ಕೆಲಸ ಎರಡು ಹಂತದಲ್ಲಿ ನಡೆಯುತ್ತದೆ, ಒಂದೊಂದು ಹಂತಕ್ಕೂ ಬೇರೆ ಬೇರೆ ಜೀವಿಗಳಿವೆ ಎಂದು ಅವನು ತೋರಿಸಿದ: ಮೊದಲು ಅಮೋನಿಯಾ ನೈಟ್ರೈಟ್ ಆಗುತ್ತದೆ, ನೈಟ್ರೈಟ್ ಆಮೇಲೆ ನೈಟ್ರೇಟ್ ಆಗುತ್ತದೆ. ಆದರೆ ಆ ಜೀವಿಗಳನ್ನು ಬೇರ್ಪಡಿಸಿ ಬೆಳೆಸಲು ಅವನಿಂದಾಗಲಿಲ್ಲ. 1890ರಲ್ಲಿ ಜ್ಯೂರಿಕ್‌ನಲ್ಲಿದ್ದ ರಷ್ಯದ ಸೆರ್ಗೆಯ್ ವಿನೊಗ್ರಾಡ್ಸ್ಕಿಗೆ ಅದು ಸಾಧ್ಯವಾಯಿತು. ಬ್ಯಾಕ್ಟೀರಿಯಾಗಳಿಗೆ ಎಲ್ಲರೂ ಕೊಡುತ್ತಿದ್ದ ಪೌಷ್ಟಿಕ ಸಾರವನ್ನು ಅವನು ಕೊಡಲಿಲ್ಲ. ಈ ಜೀವಿಗಳಿಗೆ ಅಮೋನಿಯಾವೇ ಉರುವಲು, ಮೈ ಕಟ್ಟಿಕೊಳ್ಳಲು ಗಾಳಿಯ ಇಂಗಾಲದ ಡೈಆಕ್ಸೈಡ್ ಸಾಕು ಎಂದು ಅವನಿಗೆ ಹೊಳೆದಿತ್ತು.

ಜೀವಿಗಳ ಪಟ್ಟಿ ಇಂದಿಗೂ ಮುಗಿದಿಲ್ಲ. ಅಕ್ವೇರಿಯಂ ಪುಸ್ತಕಗಳು ಬಹುಕಾಲ ಎರಡನೆಯ ಹಂತಕ್ಕೆ ನೈಟ್ರೋಬ್ಯಾಕ್ಟರ್ ಎಂದು ಬರೆಯುತ್ತಿದ್ದವು; 1990ರ ದಶಕದಲ್ಲಿ ತೊಟ್ಟಿಗಳ ಫಿಲ್ಟರುಗಳಲ್ಲಿ ವಂಶವಾಹಿ ಗುರುತು ಹಿಡಿದು ಹುಡುಕಿದಾಗ ಸಿಕ್ಕಿದ್ದು ನೈಟ್ರೋಸ್ಪೈರಾ. 2015ರಲ್ಲಿ ಎರಡೂ ಹಂತವನ್ನು ಒಂಟಿಯಾಗಿ ಮುಗಿಸುವ ನೈಟ್ರೋಸ್ಪೈರಾಗಳೇ ಸಿಕ್ಕವು. ಅವುಗಳಲ್ಲಿ ಕೆಲವು ಬಂದದ್ದು ಮೀನು ಸಾಕಣೆ ವ್ಯವಸ್ಥೆಗೆ ಜೋಡಿಸಿದ್ದ ಒಂದು ಫಿಲ್ಟರಿನಿಂದ.

ಹೆಪ್ಪು ಹಾಕುವ ಕೆಲಸ

ಹೊಸ ತೊಟ್ಟಿಯನ್ನು ಹಾಲಿನ ಪಾತ್ರೆ ಎಂದುಕೊಂಡರೆ ಮುಂದಿನದು ಅರ್ಥವಾಗುತ್ತದೆ. ಹಾಲು ಎಷ್ಟೇ ಒಳ್ಳೆಯದಿರಲಿ, ಹೆಪ್ಪಿಲ್ಲದೆ ಸರಿಯಾದ ಮೊಸರಾಗದು. ನಿನ್ನೆಯ ಮೊಸರಿನ ಒಂದು ಚಮಚ ಇದ್ದರೆ ನಿಶ್ಚಿಂತೆ. ಕುದಿಯುವ ಹಾಲಿಗೆ ಹಾಕಿದರೆ ಹೆಪ್ಪೇ ಸತ್ತುಹೋಗುತ್ತದೆ. ಪಾತ್ರೆಯ ಮೊಸರೆಲ್ಲ ಬಳಿದು ತೊಳೆದಿಟ್ಟ ಮನೆಯವರು ಮರುದಿನ ಪಕ್ಕದ ಮನೆಗೆ ಲೋಟ ಹಿಡಿದು ಹೋಗಬೇಕು. ತೊಟ್ಟಿಯಲ್ಲಿ ಹೆಪ್ಪು ಎಂದರೆ ಸ್ಪಂಜು, ಕಲ್ಲು, ಗಿಡದ ಎಲೆ, ಗಾಜು ಎಲ್ಲದರ ಮೇಲೂ ಜಾರುಜಾರಾಗಿ ಕೈಗೆ ಸಿಗುವ ತೆಳು ಪದರ. ಇದನ್ನು ಜೀವಲೋಳೆ ಎನ್ನೋಣ. ಅಮೋನಿಯಾ ಉಣ್ಣುವ ಜೀವಿಗಳು ತೇಲಾಡುವುದಕ್ಕಿಂತ ಹೀಗೆ ಅಂಟಿಕೊಂಡು ಬಾಳುವುದೇ ಹೆಚ್ಚು. ಫಿಲ್ಟರ್ ಎಂದರೆ ಕಸ ಸೋಸುವ ಜರಡಿ ಎಂದು ನಾವು ತಿಳಿದಿರುತ್ತೇವೆ. ಕಸ ಸೋಸುವುದು ಅದರ ಉಪಕಸುಬು. ಅಂಟಿಕೊಳ್ಳಲು ಅಪಾರ ಜಾಗ ಮತ್ತು ಸದಾ ಹರಿದುಬರುವ ಆಮ್ಲಜನಕ ಕೊಡುವುದು ಅದರ ಮುಖ್ಯ ಕೆಲಸ. ಕ್ಲೋರಿನ್ ಇರುವ ನಲ್ಲಿನೀರಿನಲ್ಲಿ ಸ್ಪಂಜನ್ನು ತೊಳೆದಾಗ ಜೀವಲೋಳೆಯ ಬಹುಭಾಗ ಕೊಚ್ಚಿಹೋಗುತ್ತದೆ, ಉಳಿದದ್ದಕ್ಕೂ ಕ್ಲೋರಿನ್ ತಗಲುತ್ತದೆ. ತೊಟ್ಟಿಯಿಂದಲೇ ತೆಗೆದ ಒಂದು ಬಕೆಟ್ ನೀರಿನಲ್ಲಿ ಸ್ಪಂಜನ್ನು ಎರಡು ಸಲ ಹಿಂಡಿದರೆ ಕಸ ಬಿಡುತ್ತದೆ, ಹೆಪ್ಪು ಉಳಿಯುತ್ತದೆ.

ಮೊಸರಿಗೂ ಇದಕ್ಕೂ ಒಂದು ದೊಡ್ಡ ವ್ಯತ್ಯಾಸವಿದೆ. ಮೊಸರು ರಾತ್ರಿ ಕಳೆಯುವುದರಲ್ಲಿ ಗಟ್ಟಿಯಾಗುತ್ತದೆ. ಕರುಳಿನ ಸಾಮಾನ್ಯ ಬ್ಯಾಕ್ಟೀರಿಯಾ ಅನುಕೂಲ ಒದಗಿದರೆ ಇಪ್ಪತ್ತು ನಿಮಿಷಕ್ಕೆ ಇಮ್ಮಡಿಯಾಗಬಲ್ಲದು. ಅಮೋನಿಯಾ ಉಣ್ಣುವ ಜೀವಿಗಳಿಗೆ ಆ ಉರುವಲಿನಿಂದ ಸಿಗುವ ಶಕ್ತಿ ಅತ್ಯಲ್ಪ; ಎಲ್ಲ ಅನುಕೂಲವಿದ್ದರೂ ಇಮ್ಮಡಿಯಾಗಲು ಎಂಟು ಗಂಟೆಯಿಂದ ಒಂದು ದಿನ, ಕೆಲವೊಮ್ಮೆ ಇನ್ನೂ ಹೆಚ್ಚು ಬೇಕು. ಹಾಗಾಗಿ ಹೊಸ ತೊಟ್ಟಿ ಹದಕ್ಕೆ ಬರಲು ಮೂರರಿಂದ ಆರು ವಾರ ಹಿಡಿಯುತ್ತದೆ. ಪ್ಯಾರಿಸ್ಸಿನ ಕೊಳವೆಯ ಇಪ್ಪತ್ತು ದಿನಗಳ ಗುಟ್ಟೂ ಇದೇ. ಈ ಅವಧಿಯಲ್ಲಿ ಎರಡು ಕುತ್ತುಗಳು ಬರುತ್ತವೆ. ಮೊದಲು ಅಮೋನಿಯಾ ಏರುತ್ತದೆ. ಅದು ಇಳಿಯತೊಡಗಿ, ಬಚಾವಾದೆವು ಎನ್ನುವಾಗ ನೈಟ್ರೈಟ್ ಏರುತ್ತದೆ, ಏಕೆಂದರೆ ಎರಡನೆಯ ಹಂತದ ಜೀವಿಗಳಿಗೆ ಮೊದಲ ಹಂತದವು ಊಟ ತಯಾರಿಸಿ ಕೊಡುವ ತನಕ ಬೆಳೆಯಲು ಏನೂ ಇರುವುದಿಲ್ಲ. ನೈಟ್ರೈಟ್ ಕಿವಿರಿನ ಮೂಲಕ ರಕ್ತಕ್ಕೆ ಹೋಗಿ ಹಿಮೋಗ್ಲೋಬಿನ್ನನ್ನು ಆಮ್ಲಜನಕ ಹೊರಲಾರದ ಕಂದು ವಸ್ತುವಾಗಿ ಬದಲಿಸುತ್ತದೆ. ನೀರಿನಲ್ಲಿ ಆಮ್ಲಜನಕ ತುಂಬಿದ್ದರೂ ಮೀನು ಉಸಿರುಗಟ್ಟುತ್ತದೆ. ಹೊಸ ತೊಟ್ಟಿಗೆ ಒಂದಿಷ್ಟು ಕಲ್ಲುಪ್ಪು ಹಾಕಿ ಎಂದು ಅಂಗಡಿಯವರು ಹೇಳುವುದುಂಟು. ಅದನ್ನು ಬರಿಯ ರೂಢಿ ಎಂದು ತಳ್ಳಿಹಾಕಬೇಕಿಲ್ಲ. ಉಪ್ಪಿನ ಕ್ಲೋರೈಡ್ ಮತ್ತು ನೈಟ್ರೈಟ್ ಕಿವಿರಿನಲ್ಲಿ ಒಂದೇ ಬಾಗಿಲಿನಿಂದ ಒಳಬರುತ್ತವೆ. ಕ್ಲೋರೈಡ್ ಹೆಚ್ಚಿದ್ದರೆ ನೈಟ್ರೈಟಿಗೆ ಜಾಗ ಸಿಗುವುದಿಲ್ಲ.

ಕಾಯುವ ಕಾಲವನ್ನು ಕಡಿಮೆ ಮಾಡುವ ಅತ್ಯುತ್ತಮ ಉಪಾಯ, ಮೊಸರಿನಂತೆಯೇ, ಬೇರೊಂದು ಆರೋಗ್ಯವಂತ ಹಳೆಯ ತೊಟ್ಟಿಯ ಸ್ಪಂಜಿನ ಒಂದು ತುಂಡನ್ನು ತಂದು ಹೊಸ ಫಿಲ್ಟರಿಗೆ ಸೇರಿಸುವುದು. ಬಾಟಲಿಯಲ್ಲಿ ಮಾರುವ ಬ್ಯಾಕ್ಟೀರಿಯಾ ಕೆಲವೊಮ್ಮೆ ಕೆಲಸ ಮಾಡುತ್ತದೆ, ಕೆಲವೊಮ್ಮೆ ಅಂಗಡಿಯ ಬಿಸಿಲಲ್ಲಿ ಕೂತೇ ಸತ್ತಿರುತ್ತದೆ. ಹೊರಗಿನಿಂದ ನೋಡಿದರೆ ತಿಳಿಯದು; ಅಮೋನಿಯಾ, ನೈಟ್ರೈಟ್ ಅಳೆಯುವ ಪರೀಕ್ಷಾ ಕಿಟ್ ಮಾತ್ರ ನಿಜ ಹೇಳುತ್ತದೆ. ಔಷಧಿಗಳ ಸಾಲಿಗೆ ಸುರಿಯುವ ಹಣದಲ್ಲಿ ಮೊದಲು ಒಂದು ಕಿಟ್ ಕೊಳ್ಳುವುದು ಮೇಲು.

ಬಾವಿಯ ಗಪ್ಪಿ, ಬಾಟಲಿಯ ಫೈಟರ್

ಇಷ್ಟೆಲ್ಲ ಹೇಳಿದ ಮೇಲೆ ಆಕ್ಷೇಪ ಬರದಿರದು. ಕೋಲಾರ ಜಿಲ್ಲೆಯ ಹಳ್ಳಿಗಳಲ್ಲಿ ಮಲೇರಿಯಾ ಸೊಳ್ಳೆಯ ಮರಿಗಳನ್ನು ತಿನ್ನಲೆಂದು ಬಾವಿಗಳಿಗೆ ಗಪ್ಪಿ ಬಿಟ್ಟರು. ಯಾವ ಫಿಲ್ಟರೂ ಇಲ್ಲದೆ ಅವು ಅಲ್ಲಿ ಬದುಕಿ ಬೆಳೆದವು. ಹಾಗಾದರೆ ನಮ್ಮ ತೊಟ್ಟಿಗೇಕೆ ಇಷ್ಟು ಉಪಚಾರ? ಬಾವಿಯಲ್ಲಿ ಸಾವಿರಾರು ಲೀಟರ್ ನೀರಿದೆ, ಕಲ್ಲುಕಟ್ಟಡದ ತುಂಬ ಜೀವಲೋಳೆಯಿದೆ. ಅದಕ್ಕಿಂತ ಮುಖ್ಯವಾಗಿ, ಅಲ್ಲಿಗೆ ದಿನಕ್ಕೆ ಎರಡು ಹೊತ್ತು ಬಂದು ಪ್ರೋಟೀನ್ ಸುರಿಯುವವರಿಲ್ಲ. ಬಾವಿ ಎಷ್ಟು ಮೀನನ್ನು ಸಾಕಬಲ್ಲದೋ ಅಷ್ಟೇ ಮೀನು ಉಳಿಯುತ್ತವೆ, ಮಿಕ್ಕವು ಕಣ್ಣಿಗೆ ಬೀಳದಂತೆ ಸಾಯುತ್ತವೆ. ಬಾವಿಯಲ್ಲೂ ಫಿಲ್ಟರ್ ಇದೆ, ಅದಕ್ಕೆ ಪ್ಲಗ್ ಇಲ್ಲ ಅಷ್ಟೆ.

ಫೈಟರ್ ಮೀನಿನದು ಇನ್ನಷ್ಟು ಬಲವಾದ ಆಕ್ಷೇಪ. ಅಂಗಡಿಗಳಲ್ಲಿ ಅಂಗೈ ಅಗಲದ ಬಾಟಲಿಗಳಲ್ಲಿ ಸಾಲಾಗಿ ಇಟ್ಟಿರುತ್ತಾರೆ, ಸಾಯುವುದಿಲ್ಲ. ಥಾಯ್ಲೆಂಡಿನ ಗದ್ದೆ, ಜೌಗುಗಳಿಂದ ಬಂದ ಈ ಮೀನಿಗೆ ತಲೆಯೊಳಗೆ ಗಾಳಿಯನ್ನೇ ಉಸಿರಾಡುವ ಒಂದು ಅಂಗವಿದೆ. ನೀರಿನಲ್ಲಿ ಆಮ್ಲಜನಕ ಕಡಿಮೆಯಾದರೆ ಮೇಲೆ ಬಂದು ಗುಟುಕು ಗಾಳಿ ಕುಡಿಯುತ್ತದೆ. ಆಮ್ಲಜನಕದ ಸಮಸ್ಯೆ ಇದರಿಂದ ತೀರುತ್ತದೆ, ಅಮೋನಿಯಾದ್ದು ತೀರುವುದಿಲ್ಲ. ಬಾಟಲಿಯಲ್ಲಿ ಅದು ಉಳಿಯುವುದು ಮಾರುವವರು ತೀರಾ ಕಡಿಮೆ ತಿನ್ನಿಸಿ, ಮೇಲಿಂದ ಮೇಲೆ ನೀರು ಬದಲಿಸುವುದರಿಂದ. ಸಾಯದಿರುವುದನ್ನು ಚೆನ್ನಾಗಿರುವುದಕ್ಕೆ ಪುರಾವೆಯಾಗಿ ಹಿಡಿಯುವಂತಿಲ್ಲ.

ಹಳೆಯ ನೀರಿನ ಹುಳಿ

ಹಾಗಾದರೆ ಜೀವಲೋಳೆ ಒಮ್ಮೆ ಬಲಿತ ಮೇಲೆ ತೊಟ್ಟಿಯನ್ನು ಮುಟ್ಟದೆ ಬಿಟ್ಟುಬಿಡಬಹುದೇ? ವಾರಿಂಗ್ಟನ್ನನ ಪಾತ್ರೆ ಹಾಗೇ ನಡೆಯಿತಲ್ಲ? ಅವನು ಇಟ್ಟದ್ದು ಎರಡೇ ಚಿಕ್ಕ ಮೀನು. ನಮ್ಮ ತೊಟ್ಟಿಗಳಲ್ಲಿ ಕೊನೆಗೆ ಉಳಿಯುವ ನೈಟ್ರೇಟ್ ಅಮೋನಿಯಾದಷ್ಟು ವಿಷವಲ್ಲದಿದ್ದರೂ ಸೇರುತ್ತಲೇ ಹೋಗುತ್ತದೆ. ಗಿಡಗಳು ಸ್ವಲ್ಪ ಹೀರುತ್ತವೆ, ಉಳಿದದ್ದನ್ನು ನೀರು ಬದಲಿಸಿಯೇ ತೆಗೆಯಬೇಕು. ಅದಕ್ಕಿಂತ ಮೋಸದ್ದು ಹುಳಿ. ಅಮೋನಿಯಾವನ್ನು ನೈಟ್ರೇಟ್ ಮಾಡುವಾಗ ಆಮ್ಲ ಹುಟ್ಟುತ್ತದೆ. ನೀರಿನಲ್ಲಿ ಕರಗಿರುವ ಬೈಕಾರ್ಬನೇಟ್ ಆ ಆಮ್ಲವನ್ನು ತಿಂದುಹಾಕಿ ಪಿಎಚ್ ಇಳಿಯದಂತೆ ತಡೆಯುತ್ತದೆ. ಇದು ನೀರಿನ ತಡೆಬಲ. ತಡೆಬಲವನ್ನು ಸುಣ್ಣದಕಲ್ಲಿನ ಲೆಕ್ಕದಲ್ಲಿ ಅಳೆಯುವುದು ವಾಡಿಕೆ. ಒಂದು ಗ್ರಾಂ ಸಾರಜನಕಕ್ಕೆ ಸುಮಾರು 7 ಗ್ರಾಂ ತಡೆಬಲ ಖರ್ಚು. ನಮ್ಮ 30 ಲೀಟರಿನ ತೊಟ್ಟಿಗೆ ದಿನಕ್ಕೆ ಕಾಲು ಗ್ರಾಂ ಆಹಾರ ಹಾಕಿದರೆ ಲೀಟರಿಗೆ ದಿನಕ್ಕೆ 2 ಮಿಲಿಗ್ರಾಂಗೆ ತುಸು ಕಡಿಮೆ ಕರಗುತ್ತದೆ. ಲೀಟರಿಗೆ 40 ಮಿಲಿಗ್ರಾಂ ಇರುವ ಮೆದು ನೀರು, ಮಲೆನಾಡಿನ ಹಳ್ಳದ ನೀರಿನಂಥದ್ದು, ಮೂರು ವಾರ ದಾಟುವಷ್ಟರಲ್ಲಿ ಬರಿದಾಗುತ್ತದೆ. 200 ಇರುವ ಬಯಲುಸೀಮೆಯ ಗಡಸು ಬೋರ್‌ವೆಲ್ ನೀರು ಮೂರು ತಿಂಗಳ ಮೇಲೂ ತಡೆಯುತ್ತದೆ. ಅತ್ಯಂತ ಶುದ್ಧ ಎಂದು ಆರ್‌ಒ ಯಂತ್ರದ ನೀರನ್ನೇ ತೊಟ್ಟಿಗೆ ತುಂಬುವವರಿದ್ದಾರೆ. ಅದರಲ್ಲಿ ತಡೆಬಲ ಇರುವುದೇ ಅಲ್ಪಸ್ವಲ್ಪ, ಪಿಎಚ್ ಬೇಗ ಕುಸಿಯುತ್ತದೆ.

ಪಿಎಚ್ 6ರ ಕೆಳಗೆ ಇಳಿಯುತ್ತ ಹೋದಂತೆ ಅಮೋನಿಯಾ ಉಣ್ಣುವ ಜೀವಿಗಳ ಕೆಲಸ ಕುಂಟತೊಡಗುತ್ತದೆ. ಅಮೋನಿಯಾ ಸೇರತೊಡಗುತ್ತದೆ, ಆದರೆ ಹುಳಿ ನೀರಿನಲ್ಲಿ ಅದು ಬಹುಪಾಲು ಅಮೋನಿಯಂ ವೇಷದಲ್ಲಿ ಇರುತ್ತದೆ. ಮೀನುಗಳು ಹೇಗೋ ಒಗ್ಗಿಕೊಂಡು ಬದುಕಿರುತ್ತವೆ. ಮನೆಯವರಿಗೆ ಒಂದು ದಿನ ಕನಿಕರ ಹುಟ್ಟಿ ಅರ್ಧ ನೀರು ತೆಗೆದು, ಪಿಎಚ್ 8ರ ಬೋರ್‌ವೆಲ್ ನೀರು ತುಂಬುತ್ತಾರೆ. ಒಟ್ಟು ಅಮೋನಿಯಾ ಅರ್ಧಕ್ಕೆ ಇಳಿಯಿತು, ನಿಜ. ಆದರೆ ತಡೆಬಲ ಕಳೆದುಕೊಂಡಿದ್ದ ಹಳೆಯ ನೀರು ಹೊಸ ನೀರಿನ ಪಿಎಚ್‌ಗೆ ಎದುರಾಡಲಾರದು. ಪಿಎಚ್ 8ರ ಹತ್ತಿರಕ್ಕೆ ಜಿಗಿದು, ಉಳಿದ ಅರ್ಧದಲ್ಲಿ ವಿಷದ ಭಾಗ ಹತ್ತಾರು ಪಟ್ಟು ಹೆಚ್ಚುತ್ತದೆ. ಆರು ತಿಂಗಳು ಬದುಕಿದ್ದ ಮೀನು ನೀರು ಬದಲಿಸಿದ ಸಂಜೆಯೇ ಸಾಯುವುದಕ್ಕೆ ಇದೊಂದು ಕಾರಣ. ಪಿಎಚ್ ಏರುಪೇರಿಗೆ ಮೀನು ಹೆದರಿ ಸತ್ತಿತು ಎಂಬಂತೆ ಮಾತಾಡುವವರುಂಟು. ಪಿಎಚ್ ತೆರೆದ ಬಾಗಿಲಿನಿಂದ ಒಳಬಂದ ಅಮೋನಿಯಾವನ್ನು ಅವರು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಇದೇ ರಾಸಾಯನಿಕ ನಾಟಕ ಅಂಗಡಿಯಿಂದ ತಂದ ಪ್ಲಾಸ್ಟಿಕ್ ಚೀಲದಲ್ಲೂ ನಡೆಯುತ್ತದೆ. ಕಟ್ಟಿದ ಚೀಲದಲ್ಲಿ ಮೀನು ಬಿಟ್ಟ ಇಂಗಾಲದ ಡೈಆಕ್ಸೈಡ್ ನೀರನ್ನು ಹುಳಿಯಾಗಿಸಿ ಅಮೋನಿಯಾವನ್ನು ಅಮೋನಿಯಂ ಆಗಿ ಹಿಡಿದಿಟ್ಟಿರುತ್ತದೆ. ಚೀಲ ಬಿಚ್ಚಿದಾಗ ಅನಿಲ ಹಾರಿಹೋಗಿ ಪಿಎಚ್ ಏರುತ್ತದೆ. ಬಹಳ ಹೊತ್ತು ಪ್ರಯಾಣ ಮಾಡಿ ಬಂದ ಮೀನನ್ನು, ಬಿಚ್ಚಿದ ಚೀಲದಲ್ಲಿ ಗಂಟೆಗಟ್ಟಲೆ ಒಗ್ಗಿಸುತ್ತ ಕೂರುವುದು ಅದಕ್ಕೇ ಕೇಡು. ಕಟ್ಟಿದ ಚೀಲವನ್ನೇ ಹದಿನೈದು ಇಪ್ಪತ್ತು ನಿಮಿಷ ತೊಟ್ಟಿಯಲ್ಲಿ ತೇಲಿಬಿಟ್ಟು ಬಿಸಿ ಸರಿಹೊಂದಿದ ಮೇಲೆ, ಬಿಚ್ಚಿ, ಚೀಲದ ನೀರು ಸೇರದಂತೆ ಮೀನನ್ನಷ್ಟೇ ಬಲೆಯಲ್ಲಿ ಎತ್ತಿ ಬಿಡುವುದು ಸರಿ.

ಸ್ವಲ್ಪ ಸ್ವಲ್ಪ ನೀರು

ಈ ಎಲ್ಲದರಿಂದ ನೀರು ಬದಲಿಸುವ ಕ್ರಮ ತಾನಾಗಿ ಹೊರಡುತ್ತದೆ. ವಾರಕ್ಕೊಮ್ಮೆ ಕಾಲು ಭಾಗದಷ್ಟು ಬದಲಿಸಿದರೆ ನೈಟ್ರೇಟ್ ಇಳಿಯುತ್ತದೆ, ತಡೆಬಲ ತುಂಬುತ್ತದೆ, ಪಿಎಚ್ ಜಿಗಿಯುವುದಿಲ್ಲ. ತುಂಬಾ ಕಾಲ ಕಡೆಗಣಿಸಿದ ತೊಟ್ಟಿಯಾದರೆ ದಿನಕ್ಕೆ ಹತ್ತನೆಯ ಒಂದು ಭಾಗದಂತೆ ಕೆಲವು ದಿನ ಬದಲಿಸಿ ಆಮೇಲೆ ವಾರದ ಲೆಕ್ಕಕ್ಕೆ ಬರಬೇಕು. ನೂರಕ್ಕೆ ನೂರು ಬದಲಿಸಿದರೆ ಅಮೋನಿಯಾ ಪೂರ್ತಿ ಹೋಗುವುದಿಲ್ಲವೇ ಎಂದು ಕೇಳಬಹುದು. ಹೋಗುತ್ತದೆ, ಜೀವಲೋಳೆ ನೀರಿನಲ್ಲಿಲ್ಲದೆ ಸ್ಪಂಜಿನಲ್ಲಿರುವುದರಿಂದ ಹೆಪ್ಪೂ ಉಳಿಯಬಹುದು. ಆದರೆ ಹಳೆಯ ನೀರಿನ ಲವಣ, ಬಿಸಿ, ಪಿಎಚ್‌ಗೆ ಒಗ್ಗಿದ ಮೀನಿನ ಮೈ ಎಲ್ಲವನ್ನೂ ಒಂದೇ ಗಳಿಗೆಯಲ್ಲಿ ಬದಲಿಸಿಕೊಳ್ಳಬೇಕಾಗುತ್ತದೆ, ಹೊಸ ನೀರಿನಲ್ಲಿ ಏನೇ ದೋಷವಿದ್ದರೂ ಅದು ಪೂರ್ತಿಯಾಗಿ ತಗಲುತ್ತದೆ. ಆ ದೋಷಗಳಲ್ಲಿ ಮುಖ್ಯವಾದದ್ದು ಕ್ಲೋರಿನ್. ನಮ್ಮ ದೇಶದ ಕುಡಿಯುವ ನೀರಿನ ಮಾನದಂಡದ ಪ್ರಕಾರ ನಲ್ಲಿಯಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ಮನುಷ್ಯರನ್ನು ಕಾಲರಾದಿಂದ ಕಾಯುವ ಈ ಪ್ರಮಾಣವೇ ಕಿವಿರನ್ನು ಸುಡಲು ಸಾಕು. ಅಗಲ ಬಾಯಿಯ ಪಾತ್ರೆಯಲ್ಲಿ ಒಂದು ದಿನ ತೆರೆದಿಟ್ಟರೆ ಕ್ಲೋರಿನ್ ಹಾರಿಹೋಗುತ್ತದೆ, ಕ್ಲೋರಮಿನ್ ಬಳಸಿದ ನೀರಾದರೆ ಹೋಗುವುದಿಲ್ಲ. ಅಂಗಡಿಯ ಆಂಟಿ ಕ್ಲೋರಿನ್ ಹನಿಗಳಲ್ಲಿ ಸಾಮಾನ್ಯವಾಗಿ ಇರುವುದು ಫೋಟೋ ತೊಳೆಯುವವರು ಹೈಪೋ ಎನ್ನುತ್ತಿದ್ದ ಥಯೋಸಲ್ಫೇಟ್. ಕ್ಲೋರಿನ್ನನ್ನು ಕ್ಷಣದಲ್ಲಿ ಅಡಗಿಸುತ್ತದೆ.

ಕರೆಂಟು ಹೋದಾಗ, ಊರಿಗೆ ಹೋದಾಗ

ಬೇಸಿಗೆಯಲ್ಲಿ ಕರೆಂಟು ಹೋದಾಗ ಮೀನೂ ಜೀವಲೋಳೆಯೂ ಒಂದೇ ಆಮ್ಲಜನಕಕ್ಕೆ ಪೈಪೋಟಿಗೆ ಬೀಳುತ್ತವೆ. 20 ಡಿಗ್ರಿಯ ನೀರು ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದಿಡಬಲ್ಲದು, 30 ಡಿಗ್ರಿಯಲ್ಲಿ 7.5. ಅದೇ ಒಂದು ಲೀಟರ್ ಗಾಳಿಯಲ್ಲಿ 250 ಮಿಲಿಗ್ರಾಂಗೂ ಹೆಚ್ಚಿದೆ. ಮೀನಿಗೆ ಸಿಗುವ ದಾಸ್ತಾನು ಎಷ್ಟು ತೆಳ್ಳಗಿನದು ಎಂದು ಇದರಿಂದ ತಿಳಿಯುತ್ತದೆ. ಬ್ಯಾಟರಿಯಿಂದ ನಡೆಯುವ ಸಣ್ಣ ಏರ್ ಪಂಪ್ ಇದ್ದರೆ ಎರಡೂ ಉಳಿಯುತ್ತವೆ. ಇಲ್ಲದಿದ್ದರೆ ಒಂದು ಲೋಟದಲ್ಲಿ ತೊಟ್ಟಿಯ ನೀರನ್ನೇ ಮೊಗೆದು ಮೇಲಿನಿಂದ ಆಗಾಗ ಸುರಿಯುತ್ತಿದ್ದರೂ ಕೆಲವು ಗಂಟೆ ನೂಕಬಹುದು. ಮುಚ್ಚಿದ ಡಬ್ಬಿಯ ಫಿಲ್ಟರ್ ಬಹಳ ಹೊತ್ತು ನಿಂತುಹೋಗಿದ್ದರೆ, ಒಳಗೆ ಕೊಳೆತ ನೀರನ್ನು ಚೆಲ್ಲಿ, ಸ್ಪಂಜನ್ನು ತೊಟ್ಟಿಯ ನೀರಿನಲ್ಲಿ ಅದ್ದಿ ತೆಗೆದು ಆಮೇಲೆ ಚಾಲೂ ಮಾಡಬೇಕು. ಕರೆಂಟಿಲ್ಲದ ಹೊತ್ತಿನಲ್ಲಿ ಆಹಾರ ಹಾಕುವುದಂತೂ ಬೇಡವೇ ಬೇಡ.

ವಾರದ ಮಟ್ಟಿಗೆ ಊರಿಗೆ ಹೋಗುವವರು ತೊಟ್ಟಿಯ ಬಗ್ಗೆ ಪಡುವ ಚಿಂತೆಯೂ ಸಾಮಾನ್ಯವಾಗಿ ಆಹಾರದ್ದು. ಬೆಳೆದ ಗಪ್ಪಿ, ಮೋಲಿ, ಟೆಟ್ರಾಗಳು ಆರೋಗ್ಯವಾಗಿದ್ದರೆ ಒಂದು ವಾರದ ಉಪವಾಸವನ್ನು ಸಲೀಸಾಗಿ ತಡೆಯುತ್ತವೆ. ಅವು ಬಿಸಿರಕ್ತದ ಪ್ರಾಣಿಗಳಲ್ಲ, ಮೈ ಬೆಚ್ಚಗಿಡಲು ಉರಿಸಬೇಕಾದದ್ದು ಏನೂ ಇಲ್ಲ. ಪಕ್ಕದ ಮನೆಯವರ ಕೈಗೆ ಆಹಾರದ ಡಬ್ಬಿ ಕೊಟ್ಟು ಹೋದರೆ, ಪಾಪ ಹಸಿದಿರುತ್ತವೆ ಎಂದು ಅವರು ದಿನವೂ ಒಂದು ಹಿಡಿ ಸುರಿಯುತ್ತಾರೆ. ಮೇಲಿನ ಲೆಕ್ಕದಲ್ಲಿ ಆ ಹಿಡಿ ಹತ್ತು ಗ್ರಾಂ ಆದರೂ 30 ಲೀಟರಿನ ತೊಟ್ಟಿಗೆ ಲೀಟರಿಗೆ 10 ಮಿಲಿಗ್ರಾಂ ಅಮೋನಿಯಾ. ಡಬ್ಬಿಯನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿ, ಪಂಪು ನಡೆಯುತ್ತಿದೆಯೇ ಎಂದು ಮಾತ್ರ ನೋಡಿಕೊಳ್ಳಿ ಎಂದು ಹೇಳಿ ಹೊರಡುವುದು ವಾಸಿ.